ಖಡ್ಗಮೃಗ ಹೆತ್ತರೆ ಬಡ್ಡಿ

ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದ ಮುಳ್ಳುಪೊದೆಗಳ ನಡುವೆ ಒಂದು ಕಪ್ಪು ಖಡ್ಗಮೃಗ ಗಬ್ಬವಾದರೆ, ಸಾವಿರಾರು ಮೈಲಿ ಆಚೆ ಎ.ಸಿ. ಕೋಣೆಯಲ್ಲಿ ಕೂತ ಹೂಡಿಕೆದಾರನೊಬ್ಬನ ಮುಖ ಅರಳುತ್ತದೆ. ಆತ ಖಡ್ಗಮೃಗವನ್ನು ಕಣ್ಣಾರೆ ಕಂಡವನೇ ಆಗಿರಬೇಕಿಲ್ಲ. ಅದರ ಲದ್ದಿಯ ವಾಸನೆಯಂತೂ ಅವನಿಗೆ ಬೇಡವೇ ಬೇಡ. ಅವನ ಹತ್ತಿರ ವಿಶ್ವಬ್ಯಾಂಕಿನ ಬಾಂಡ್ ಇದೆ. ದಾಖಲೆಯಲ್ಲಿ ಅದು ವನ್ಯಜೀವಿ ಸಂರಕ್ಷಣಾ ಬಾಂಡ್. ಪೇಟೆಯಲ್ಲಿ ಎಲ್ಲರೂ ಕರೆಯುವುದು ರೈನೋ ಬಾಂಡ್ ಎಂದು. 2022ರ ಮಾರ್ಚ್‌ನಲ್ಲಿ ಹೊರಬಂತು. ಮೊತ್ತ 15 ಕೋಟಿ ಡಾಲರ್, ಅವಧಿ ಐದು ವರ್ಷ. ಚಿನ್ನ, ಸೈಟು, ಷೇರು ಎಲ್ಲ ಮುಗಿಸಿದ ಮನುಷ್ಯ ಕೊನೆಗೆ ಪ್ರಾಣಿಯ ಬಸಿರಿನ ಮೇಲೆ ದುಡ್ಡು ಹಾಕುವ ಹಂತಕ್ಕೆ ಬಂದ.

ಇದು ನಡೆಯುವ ಬಗೆ ತಿಳಿಯಲು ಸ್ವಲ್ಪ ತಾಳ್ಮೆ ಬೇಕು. ಸರಳವಾಗಿ ಹೇಳಿಬಿಟ್ಟರೆ ಫೀಸು ಹುಟ್ಟುವುದಿಲ್ಲ ಎಂಬುದು ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಹೂಡಿಕೆದಾರ ದುಡ್ಡು ಹಾಕುತ್ತಾನೆ. ಐದು ವರ್ಷ ಅವನಿಗೆ ಬಡ್ಡಿ ಇಲ್ಲ. ಆ ಬಡ್ಡಿಯ ಬಾಬ್ತಿನಲ್ಲಿ ಸುಮಾರು 15.2 ಕೋಟಿ ರ‍್ಯಾಂಡ್, ಅಂದರೆ ಹತ್ತಿರಹತ್ತಿರ 1 ಕೋಟಿ ಡಾಲರ್, ಆಡೋ ಎಲಿಫೆಂಟ್ ರಾಷ್ಟ್ರೀಯ ಉದ್ಯಾನ ಮತ್ತು ಗ್ರೇಟ್ ಫಿಶ್ ರಿವರ್ ಎಂಬ ಎರಡು ಕಾಡುಗಳಿಗೆ ಹೋಗುತ್ತದೆ. ಅವಧಿ ಮುಗಿದಾಗ ಖಡ್ಗಮೃಗಗಳ ಲೆಕ್ಕ ತೆಗೆಯುತ್ತಾರೆ. ಸಂಖ್ಯೆ ಏರಿದ್ದರೆ, ಎಷ್ಟು ಏರಿದೆ ಎಂದು ನೋಡಿಕೊಂಡು, ಹೂಡಿಕೆದಾರನಿಗೆ ಬಹುಮಾನ. ಗರಿಷ್ಠ ಸುಮಾರು 1.38 ಕೋಟಿ ಡಾಲರ್. ಏರದಿದ್ದರೆ ಬಹುಮಾನವಿಲ್ಲ, ಅಸಲು ಮಾತ್ರ. ಆ ಅಸಲನ್ನು ಯಾವ ಕಳ್ಳಬೇಟೆಗಾರನೂ ಮುಟ್ಟಲಾರ. ಅದಕ್ಕೆ ವಿಶ್ವಬ್ಯಾಂಕಿನದೇ ಕಾವಲು. ಖಡ್ಗಮೃಗಕ್ಕೆ ಅಷ್ಟು ಗಟ್ಟಿ ಕಾವಲು ಇದ್ದಿದ್ದರೆ ಈ ಬಾಂಡೇ ಬೇಕಿರಲಿಲ್ಲ.

ಬಹುಮಾನದ ದುಡ್ಡು ಯಾರದು? ಜಾಗತಿಕ ಪರಿಸರ ನಿಧಿಯದು. ಬಡದೇಶಗಳ ಕಾಡು, ನದಿ, ಪ್ರಾಣಿಗಳಿಗೆಂದು ಶ್ರೀಮಂತ ದೇಶಗಳು ತುಂಬುವ ಹುಂಡಿ ಅದು. ಅಂದರೆ ಖಡ್ಗಮೃಗದ ಹೆಸರಿನಲ್ಲಿ ಎತ್ತಿಟ್ಟ ನೆರವು, ಖಡ್ಗಮೃಗ ಹೆಚ್ಚಿದರೆ ಹೂಡಿಕೆದಾರನ ಜೇಬಿಗೆ; ಹೆಚ್ಚದಿದ್ದರೆ ಹುಂಡಿಯಲ್ಲೇ. ಹೆರುವವಳು ಅವಳು, ಮಡಿಲು ತುಂಬಿಸಿಕೊಳ್ಳುವವರು ಇವರು.

ಕಪ್ಪು ಖಡ್ಗಮೃಗದ ಬಸುರು ಸುಮಾರು ಹದಿನೈದು ತಿಂಗಳು. ಕಂಪನಿ ಲೆಕ್ಕದಲ್ಲಿ ಐದು ತ್ರೈಮಾಸಿಕ. ಒಂದು ಸಲಕ್ಕೆ ಒಂದೇ ಮರಿ, ಆಮೇಲೆ ಎರಡು ಮೂರು ವರ್ಷದ ವಿರಾಮ. ಪ್ರತಿ ಮೂರು ತಿಂಗಳಿಗೊಮ್ಮೆ ಲಾಭ ತೋರಿಸದಿದ್ದರೆ ಕೆಲಸ ಕಳೆದುಕೊಳ್ಳುವ ಜನ ಇಂಥ ಸೋಮಾರಿ ಆಸ್ತಿಯ ಮೇಲೆ ಹಣ ಹಾಕಿದರಲ್ಲ, ಅದೊಂದು ತ್ಯಾಗವೇ ಸರಿ. 1970ರ ಸುಮಾರಿಗೆ ಆಫ್ರಿಕಾದಲ್ಲಿ 65,000ದಷ್ಟಿದ್ದ ಈ ಪ್ರಾಣಿ ತೊಂಬತ್ತರ ದಶಕದ ನಡುವಿಗೆ 2,400ಕ್ಕೆ ಇಳಿದಿತ್ತು. ಈಗ 6,000 ದಾಟಿದೆ. ಇದು ಬಾಂಡು ಹುಟ್ಟುವ ಮೊದಲೇ ಶುರುವಾದ ಚೇತರಿಕೆ. ಬಿಸಿಲಲ್ಲಿ ಕೋವಿ ಹೊತ್ತು ತಿರುಗಿದ ಕಾವಲುಗಾರರು, ಕೊಂಬು ಕತ್ತರಿಸಿ ಪ್ರಾಣ ಉಳಿಸಿದ ಪಶುವೈದ್ಯರು, ರಾತ್ರಿ ಬೇಲಿ ಕಾದ ಹಳ್ಳಿಯವರು ಮಾಡಿದ್ದು. ಅವರಲ್ಲಿ ಎಷ್ಟೋ ಜನರ ಸಂಬಳ ಹೊರದೇಶದ ಹಣದಿಂದಲೇ ಬಂದಿದೆ. ಹಣದಿಂದ ಏನೂ ಆಗುವುದಿಲ್ಲ ಎನ್ನುವ ಸನ್ಯಾಸಿಗಳ ಗುಂಪಿನವನು ನಾನಲ್ಲ. ಕಾಡಿಗೆ ಜೀಪು ಬೇಕು, ಜೀಪಿಗೆ ಡೀಸೆಲ್ ಬೇಕು, ವಾಚರ್‌ಗೆ ತಿಂಗಳ ಮೊದಲ ವಾರ ಸಂಬಳ ಬೇಕು. ನನ್ನ ತಕರಾರು ದುಡ್ಡಿನ ಬಗ್ಗೆ ಅಲ್ಲ, ಅದರ ಜೊತೆ ಬರುವ ಕರಾರುಪತ್ರದ ಬಗ್ಗೆ. ಅದರಲ್ಲಿ ನಷ್ಟದ ಕಲಮು ಯಾವಾಗಲೂ ಒಂದೇ ಕಡೆಯವರ ಹೆಸರಿನಲ್ಲಿ ಇರುತ್ತದೆ.

ಈ ಬಾಂಡನ್ನು ಹೊಸೆದುಕೊಟ್ಟದ್ದು ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕು. 1856ರಲ್ಲಿ ಹುಟ್ಟಿದ್ದು, ದೊಡ್ಡ ಮನೆತನ. ಬಾಂಡು ಬಂದು ಒಂದು ವರ್ಷ ತುಂಬುತ್ತಿದ್ದ ಹಾಗೆ, ಖಡ್ಗಮೃಗ ಮೇಯುತ್ತಲೇ ಇತ್ತು, ಬ್ಯಾಂಕೇ ಅಳಿಯಿತು. 2023ರ ಮಾರ್ಚ್ 19, ಭಾನುವಾರ, ಎದುರು ಮನೆಯ ಯುಬಿಎಸ್ ಬ್ಯಾಂಕು ಅದನ್ನು 300 ಕೋಟಿ ಫ್ರಾಂಕಿಗೆ ಕೊಳ್ಳುವುದೆಂದು ಘೋಷಣೆಯಾಯಿತು. ಸರಿಯಾಗಿ ಐದು ವರ್ಷ ಹಿಂದೆ, 2018ರ ಮಾರ್ಚ್ 19ರಂದು, ಕೀನ್ಯಾದ ಓಲ್ ಪೆಜೆಟಾದಲ್ಲಿ ಸುಡಾನ್ ಎಂಬ ಮುದಿ ಖಡ್ಗಮೃಗ ತೀರಿಕೊಂಡಿತ್ತು. ಉತ್ತರದ ಬಿಳಿ ಖಡ್ಗಮೃಗಗಳ ಕೊನೆಯ ಗಂಡು ಅದು. ಉಳಿದದ್ದು ಅದರ ಮಗಳು ನಾಜಿನ್, ಮೊಮ್ಮಗಳು ಫಾತು. ಪಂಚಾಂಗ ನೋಡುವವರು ಈ ತಿಥಿಯನ್ನು ಗುರುತು ಹಾಕಿಕೊಳ್ಳಬಹುದು.

ಎರಡು ಸಾವಿಗೆ ಜಗತ್ತು ಓಡಿಬಂದ ವೇಗ ಮಾತ್ರ ಬೇರೆಬೇರೆ. ಉತ್ತರದ ಬಿಳಿ ಖಡ್ಗಮೃಗ ಅಳಿಯುತ್ತಿದೆ ಎಂದು ದಶಕಗಳ ಕಾಲ ವರದಿಗಳು ಬಂದವು, ಕಾರ್ಯಾಗಾರಗಳು ನಡೆದವು, ಅಧ್ಯಯನಗಳ ಮೇಲೆ ಅಧ್ಯಯನಗಳಾದವು. ಬ್ಯಾಂಕಿಗೆ ಒಂದು ವಾರಾಂತ್ಯ ಸಾಕಾಯಿತು. ಸ್ವಿಸ್ ಕೇಂದ್ರ ಬ್ಯಾಂಕು 10,000 ಕೋಟಿ ಫ್ರಾಂಕಿನವರೆಗೆ ನಗದು ಒದಗಿಸುತ್ತೇನೆಂದಿತು. ಸರ್ಕಾರ 900 ಕೋಟಿ ಫ್ರಾಂಕಿನ ನಷ್ಟಕ್ಕೆ ಹೊಣೆ ನಿಂತಿತು. ಸ್ಥಳೀಯ ಸಮುದಾಯದ ಸಹಭಾಗಿತ್ವ ಇದೆಯೇ, ಯೋಜನೆ ಮುಗಿದ ಮೇಲೂ ಬ್ಯಾಂಕು ಸ್ವಂತ ಕಾಲ ಮೇಲೆ ನಿಲ್ಲುತ್ತದೆಯೇ, ಮಹಿಳೆಯರ ಸಬಲೀಕರಣಕ್ಕೆ ಇದರಿಂದ ಏನು ಕೊಡುಗೆ ಎಂದು ಯಾರೂ ಹದಿನಾಲ್ಕು ಪುಟದ ಫಾರಂ ತುಂಬಿಸಿಕೊಳ್ಳಲಿಲ್ಲ.

ಇದು ಅನ್ಯಾಯ. ಸ್ವಿಟ್ಜರ್ಲೆಂಡಿನ ಎರಡು ದೊಡ್ಡ ಬ್ಯಾಂಕುಗಳಲ್ಲಿ ಈಗ ಉಳಿದಿರುವುದು ಒಂದೇ. ಒಂಟಿ ಜೀವ, ಜೋಡಿಯಿಲ್ಲ, ಸಂತಾನಾಭಿವೃದ್ಧಿಯ ಆಸೆಯಂತೂ ಇಲ್ಲ. ಆದ್ದರಿಂದ ಕೀನ್ಯಾ, ಈಕ್ವೆಡಾರ್, ಕಾಂಗೋ ಮತ್ತು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಗಳು ಸೇರಿ ಅಳಿವಿನಂಚಿನ ಬ್ಯಾಂಕುಗಳ ಸಂರಕ್ಷಣೆಗೆ ಒಂದು ನೆರವು ಯೋಜನೆ ಹಾಕಿಕೊಳ್ಳಬೇಕೆಂದು ನಾನು ಸೂಚಿಸುತ್ತೇನೆ. ಮೊದಲ ಕಂತಿನಲ್ಲಿ ಜ್ಯೂರಿಕ್ ನಗರದ ಪರಾಡೆಪ್ಲಾಟ್ಸ್ ಚೌಕವನ್ನು ಕೋರ್ ಏರಿಯಾ ಎಂದು ಘೋಷಿಸತಕ್ಕದ್ದು. ಬ್ಯಾಂಕರುಗಳು ಅಲ್ಲೇ ತಲೆತಲಾಂತರದಿಂದ ಇದ್ದಾರೆ, ಸರಿ. ಆದರೆ ಅವರ ಓಡಾಟದಿಂದಲೇ ಬ್ಯಾಂಕಿನ ಮೇಲೆ ಒತ್ತಡ ಬಿದ್ದು ಅದು ಕುಸಿದಿದೆ ಎಂದು ನಮ್ಮ ತಜ್ಞರ ವರದಿ ಹೇಳುತ್ತದೆ. ಆದ್ದರಿಂದ ಅವರನ್ನು ಸ್ವಇಚ್ಛೆಯಿಂದ ಹೊರಗೆ ಸಾಗಿಸತಕ್ಕದ್ದು. ಸ್ವಇಚ್ಛೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳಲು ಗಾರ್ಡುಗಳು ಜೊತೆಯಲ್ಲಿರುತ್ತಾರೆ. ಬೋನಸ್ ಸಂಗ್ರಹಿಸುವ ಅವರ ಸಾಂಪ್ರದಾಯಿಕ ಹಕ್ಕನ್ನು ಸಂಜೆ ಆರರ ನಂತರ ನಿಷೇಧಿಸಲಾಗುವುದು. ಬದಲಿ ಜೀವನೋಪಾಯವಾಗಿ ತಲಾ ಒಂದು ಹೊಲಿಗೆ ಯಂತ್ರ, ಅಗರಬತ್ತಿ ಹೊಸೆಯುವ ತರಬೇತಿ, ಆಸಕ್ತರಿಗೆ ಎರಡು ಜೇನುಪೆಟ್ಟಿಗೆ. ಯೋಜನೆಯ ಫಲಾನುಭವಿಗಳು ಪ್ರವಾಸಿಗರ ಎದುರು ಸಾಂಪ್ರದಾಯಿಕ ಸೂಟು ಧರಿಸಿ ಗುಂಪಾಗಿ ಬ್ಯಾಲೆನ್ಸ್ ಶೀಟು ಓದಿ ತೋರಿಸಿದರೆ ದಿನಕ್ಕೆ ಇಂತಿಷ್ಟು ಗೌರವಧನ. ಮೂರನೇ ವರ್ಷ ಮಧ್ಯಂತರ ಪರಿಶೀಲನೆ. ತೃಪ್ತಿಕರವೆನಿಸದಿದ್ದರೆ ಎರಡನೇ ಕಂತು ಇಲ್ಲ.

ಓದಿ ನಗು ಬಂದರೆ, ಇದರಲ್ಲಿ ಒಂದು ಸಾಲೂ ನನ್ನ ಸ್ವಂತದ್ದಲ್ಲ ಎಂದು ಹೇಳಿಬಿಡುವುದು ಒಳ್ಳೆಯದು. ಜಾಗ ಬದಲಾಯಿಸಿದ್ದೇನೆ, ಅಷ್ಟೇ.

ಕ್ರೆಡಿಟ್ ಸ್ವೀಸ್ ಸಾಯುವ ಕಾಲಕ್ಕೆ ಇನ್ನೊಂದು ಪುಣ್ಯಕಾರ್ಯಕ್ಕೂ ಕೈ ಹಾಕಿತ್ತು. 2023ರ ಮೇ ತಿಂಗಳಲ್ಲಿ, ಇನ್ನೂ ಯುಬಿಎಸ್‌ನ ಹೊಟ್ಟೆಗೆ ಪೂರ್ತಿ ಇಳಿಯುವ ಮೊದಲು, ಅದು ಈಕ್ವೆಡಾರ್ ದೇಶದ 163 ಕೋಟಿ ಡಾಲರ್ ಮುಖಬೆಲೆಯ ಸಾಲಪತ್ರಗಳನ್ನು 64.4 ಕೋಟಿ ಡಾಲರಿಗೆ ಕೊಂಡಿತು. ಸಾಲ ಹಗುರವಾದದ್ದರ ಬದಲಿಗೆ ಈಕ್ವೆಡಾರ್ ಮುಂದಿನ ಹದಿನೆಂಟು ವರ್ಷ ಚಿಲ್ಲರೆ ಅವಧಿಯಲ್ಲಿ 32 ಕೋಟಿ ಡಾಲರಿಗೂ ಮಿಕ್ಕಿ ಹಣವನ್ನು ಗಲಾಪಗೋಸ್ ದ್ವೀಪಗಳ ಸಮುದ್ರ ರಕ್ಷಣೆಗೆ ಕೊಡಬೇಕು. ತನ್ನ ಮನೆ ಹರಾಜಾಗಿದ್ದಾಗ ಪಕ್ಕದ ಮನೆಯ ಸಾಲ ತೀರಿಸುವ ಲೆಕ್ಕ ಹೇಳಿಕೊಟ್ಟ ಬ್ಯಾಂಕು ಇದು. ಈ ವಿದ್ಯೆ ಹೊಸದೇನಲ್ಲ. 1987ರಲ್ಲಿ ಕನ್ಸರ್ವೇಷನ್ ಇಂಟರ್‌ನ್ಯಾಷನಲ್ ಸಂಸ್ಥೆ ಬೊಲಿವಿಯಾದ 6.5 ಲಕ್ಷ ಡಾಲರ್ ಸಾಲಪತ್ರವನ್ನು ಗುಜರಿ ಬೆಲೆಗೆ, 1 ಲಕ್ಷ ಡಾಲರಿಗೆ, ಕೊಂಡು ಬೆನಿ ಕಾಡಿನ ರಕ್ಷಣೆಯ ಮಾತು ಬರೆಸಿಕೊಂಡಿತ್ತು. ಆ ಸಾಲ ವಸೂಲಾಗುವುದಿಲ್ಲ ಎಂದು ಕೊಟ್ಟವರಿಗೇ ಖಾತರಿಯಾಗಿದ್ದರಿಂದ ಬೆಲೆ ಅಷ್ಟು ಇಳಿದಿತ್ತು. ಬಾರದ ಬಾಕಿಯನ್ನು ದಾನವೆಂದು ಬರೆಯುವ ಕಲೆ ನಮ್ಮೂರ ಸಾಹುಕಾರರಿಗೂ ಬರುತ್ತಿತ್ತು. ಅವರಿಗೆ ಪತ್ರಿಕಾಗೋಷ್ಠಿ ಮಾಡುವುದು ಗೊತ್ತಿರಲಿಲ್ಲ.

ಈ ನೆರವಿಗೆ ಇನ್ನೊಂದು ಅಭ್ಯಾಸವಿದೆ. ಅದಕ್ಕೆ ಮುಖಲಕ್ಷಣ ಬೇಕು. ದೊಡ್ಡ ಕಣ್ಣು, ಮೆತ್ತನೆ ಮೈ, ಸಾಧ್ಯವಾದರೆ ತಬ್ಬಿಕೊಂಡ ಮರಿ. ಅಮೆರಿಕದ ಅಂಚೆ ಇಲಾಖೆ 2011ರಲ್ಲಿ ಅಳಿವಿನಂಚಿನ ಜೀವಿಗಳ ನಿಧಿಗೆಂದು ವಿಶೇಷ ಅಂಚೆಚೀಟಿ ತಂದಾಗ ಅದರ ಮೇಲೆ ಕೂತದ್ದು ಹುಲಿಮರಿ. ಕಪ್ಪೆ ಕೂರಲಿಲ್ಲ. ಒಂದು ಶಿಲೀಂಧ್ರದ ರೋಗಕ್ಕೆ ಸಿಕ್ಕಿ ಜಗತ್ತಿನಲ್ಲಿ 90 ಬಗೆಯ ಕಪ್ಪೆ ಮತ್ತವುಗಳ ಬಂಧುಗಳು ನಾಶವಾಗಿವೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಯಾರ ಡ್ರಾಯಿಂಗ್ ರೂಮಿನಲ್ಲೂ ಕಣ್ಣೀರು ಬಂದ ಸುದ್ದಿಯಿಲ್ಲ. ನಮ್ಮ ಕತ್ತಲೆಕಾನಿನ ಹಳ್ಳದಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಷ್ಟೇ ಅದಕ್ಕೆ ವಿಜ್ಞಾನದ ಹೆಸರು ಸಿಕ್ಕಿತು. ಅದರ ಗಂಡು, ಮೊಟ್ಟೆಗಳಿಗೆ ಮುಂಗಾಲಿನಿಂದ ಮಣ್ಣು ಮೆತ್ತಿ ಕಾಪಾಡುತ್ತದೆ. ಇಷ್ಟು ಶ್ರದ್ಧೆಯ ಅಪ್ಪನಿಗೆ ಒಂದು ಬಾಂಡ್ ಬೇಡವೇ? ಬೇಡ. ಮೈ ಜಾರುತ್ತದೆ, ಕಣ್ಣು ಗುಡ್ಡೆ ಹೊರಗಿದೆ, ಕೂಗು ಕೇಳಿದರೆ ಯಾರೋ ಬಾಗಿಲು ಬಡಿದ ಹಾಗಿರುತ್ತದೆ. ದಾನಿಗಳು ಫೋಟೋ ತೆಗೆಸಿಕೊಳ್ಳಲು ಬಗ್ಗಬೇಕಾಗುತ್ತದೆ.

ಎಲ್ಲ ದೇಶಗಳೂ ಸೇರಿ ಇದನ್ನೆಲ್ಲ ಸರಿಪಡಿಸುತ್ತವೆ ಎಂದು ನಂಬಿದ್ದವರು 2022ರ ಡಿಸೆಂಬರ್‌ನ ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದವನ್ನು ಓದಬೇಕು. ಬಡದೇಶಗಳ ಜೀವವೈವಿಧ್ಯಕ್ಕೆ ಶ್ರೀಮಂತರು 2025ರ ಹೊತ್ತಿಗೆ ವರ್ಷಕ್ಕೆ 2,000 ಕೋಟಿ ಡಾಲರ್, 2030ಕ್ಕೆ 3,000 ಕೋಟಿ ಡಾಲರ್ ಕೊಡಬೇಕು ಎಂದು ಅದರ ಒಂದು ಗುರಿ. ಅದರ ಹಿಂದಿನ ಗುರಿಯೇ ಸ್ವಾರಸ್ಯದ್ದು: ನಿಸರ್ಗವನ್ನು ಹಾಳುಮಾಡುವ ಬಾಬ್ತುಗಳಿಗೆ ಕೊಡುತ್ತಿರುವ ಸಬ್ಸಿಡಿಯನ್ನು 2030ರೊಳಗೆ ವರ್ಷಕ್ಕೆ ಕನಿಷ್ಠ 50,000 ಕೋಟಿ ಡಾಲರಿನಷ್ಟು ಇಳಿಸಬೇಕು. ಇಳಿಸಬೇಕು ಎಂದರೆ ಈಗ ಅದಕ್ಕಿಂತ ಹೆಚ್ಚೇ ಕೊಡುತ್ತಿದ್ದೇವೆ ಎಂದು ಸರ್ಕಾರಗಳೇ ಬರೆದುಕೊಟ್ಟ ಹಾಗಾಯಿತು. ಮೀನು ಬಾಚುವ ಹಡಗಿಗೆ, ಗೊಬ್ಬರಕ್ಕೆ, ಎಣ್ಣೆಗೆ ಇಪ್ಪತ್ತೈದು ರೂಪಾಯಿ; ಮೀನು ಉಳಿಸಲು ಒಂದು ರೂಪಾಯಿ. ಆ ಒಂದು ರೂಪಾಯಿಯ ಚರ್ಚೆಗೆ 2024ರ ಅಕ್ಟೋಬರ್‌ನಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಸಭೆ ಸೇರಿತು. ಹಣ ಎಲ್ಲಿಂದ, ಹೇಗೆ ಎಂಬ ವಿಷಯ ಕೊನೆಯ ರಾತ್ರಿಗೆ ಉಳಿಯಿತು. ರಾತ್ರಿ ಬೆಳಗಾಯಿತು, ಒಬ್ಬೊಬ್ಬರೇ ಪ್ರತಿನಿಧಿಗಳು ವಿಮಾನ ಹಿಡಿಯಲು ಎದ್ದುಹೋದರು, ಕೋರಂ ಇಲ್ಲವೆಂದು ಸಭೆ ನಿಂತಿತು. ನಮ್ಮ ಗ್ರಾಮ ಪಂಚಾಯಿತಿಗಳನ್ನು ಇನ್ನು ಯಾರೂ ಹೀಯಾಳಿಸಬಾರದು. ಉಳಿದ ಮಾತು ಮುಗಿಸಲು 2025ರ ಫೆಬ್ರುವರಿಯಲ್ಲಿ ರೋಮ್‌ನಲ್ಲಿ ಮತ್ತೆ ಸೇರಿದರು. ಅಮೆರಿಕ ಇಂಥ ಮುಜುಗರಕ್ಕೆ ಸಿಕ್ಕಿಬೀಳುವುದಿಲ್ಲ. ಜೀವವೈವಿಧ್ಯ ಒಡಂಬಡಿಕೆಗೆ ಅದು 1993ರಲ್ಲಿ ಸಹಿ ಹಾಕಿತು, ಸೆನೆಟ್ ಇವತ್ತಿಗೂ ಅನುಮೋದನೆ ಕೊಟ್ಟಿಲ್ಲ. ಮದುವೆಗೆ ಬಂದು ಊಟ ಮಾಡಿ, ಫೋಟೋದ ಹೊತ್ತಿಗೆ ಕಾಣೆಯಾಗುವ ನೆಂಟರಿರುತ್ತಾರಲ್ಲ.

ಇದೇ ಈಕ್ವೆಡಾರ್ ಒಮ್ಮೆ ಈ ಆಟದ ನಿಯಮವನ್ನೇ ತಿರುಗಿಸಲು ನೋಡಿತ್ತು. ಅಮೆಜಾನಿನ ಯಾಸುನಿ ಕಾಡು ಭೂಮಿಯ ಮೇಲಿನ ಅತ್ಯಂತ ದಟ್ಟ ಜೀವಸಂಪತ್ತಿನ ಜಾಗಗಳಲ್ಲಿ ಒಂದು. ಹೊರಜಗತ್ತಿನ ಸಂಪರ್ಕವೇ ಬೇಡವೆಂದು ಉಳಿದ ತಗಾಯೆರಿ, ತರೋಮೆನಾನೆ ಜನ ಅಲ್ಲಿದ್ದಾರೆ. ಅದೇ ಕಾಡಿನ ಮೂಲೆಯೊಂದರ ಅಡಿಯಲ್ಲಿ 84.6 ಕೋಟಿ ಬ್ಯಾರೆಲ್ ಕಚ್ಚಾತೈಲವೂ ಇತ್ತು. 2007ರಲ್ಲಿ ಅಧ್ಯಕ್ಷ ರಾಫೆಲ್ ಕೊರೆಯಾ ಜಗತ್ತಿನ ಮುಂದೆ ಒಂದು ಮಾತು ಇಟ್ಟರು: ನಾವು ಆ ತೈಲ ತೆಗೆಯುವುದಿಲ್ಲ. ಬಡದೇಶ, ನಮಗೂ ದುಡ್ಡು ಬೇಕು, ಆದರೂ ಬಿಡುತ್ತೇವೆ. ತೆಗೆದರೆ ಬರುವ ಆದಾಯದಲ್ಲಿ ಅರ್ಧವನ್ನು, ಸುಮಾರು 360 ಕೋಟಿ ಡಾಲರನ್ನು, ಹದಿಮೂರು ವರ್ಷಗಳಲ್ಲಿ ನೀವೆಲ್ಲ ಸೇರಿ ಕೊಡಿ. ಕಾಡು ಉಳಿಯುತ್ತದೆ, ಹೊಗೆಯೂ ಉಳಿಯುತ್ತದೆ, ನೆಲದಡಿಯಲ್ಲೇ.

ಇದಕ್ಕಿಂತ ನೇರವಾದ ವ್ಯಾಪಾರ ಇನ್ನೊಂದಿಲ್ಲ. ಅರ್ಧ ನಷ್ಟ ನಮ್ಮದು, ಅರ್ಧ ನಿಮ್ಮದು. ಆದರೆ ದಾನಿಗಳಿಗೆ ಇರುಸುಮುರುಸಾಯಿತು. ಏನನ್ನಾದರೂ ಮಾಡುವುದಕ್ಕೆ ಹಣ ಕೊಡುವುದು ಅವರಿಗೆ ಅಭ್ಯಾಸ. ಏನೂ ಮಾಡದೆ ಇರುವುದಕ್ಕೆ ಹೇಗೆ ಕೊಡುವುದು? ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ ಎಲ್ಲಿ ಕಟ್ಟುವುದು? ತೆಗೆಯದ ತೈಲದ ಮುಂದೆ ನಾಮಫಲಕ ನಿಲ್ಲಿಸುವುದು ಹೇಗೆ? ಕನ್ಸಲ್ಟಂಟರಿಗೆ ಏನು ಕೆಲಸ? 2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಅಡಿಯಲ್ಲಿ ನಿಧಿ ತೆರೆದರು. 2013ರ ಆಗಸ್ಟ್‌ನಲ್ಲಿ ಡಬ್ಬಿ ಒಡೆದು ನೋಡಿದಾಗ ಬಂದಿದ್ದ ನಗದು ಸುಮಾರು 1.3 ಕೋಟಿ ಡಾಲರ್. ನೂರು ರೂಪಾಯಿ ಕೇಳಿದ್ದಕ್ಕೆ ಮೂವತ್ತಾರು ಪೈಸೆ. ಭಿಕ್ಷೆ ಹಾಕುವವರೂ ಮೂವತ್ತಾರು ಪೈಸೆ ಹುಡುಕಲು ಕಷ್ಟಪಡಬೇಕು. ಜಗತ್ತು ನಮ್ಮ ಕೈಬಿಟ್ಟಿತು ಎಂದು ಕೊರೆಯಾ ಯೋಜನೆ ಕೈಬಿಟ್ಟರು, 2016ರಲ್ಲಿ ತೈಲ ಹೊರಬಂತು. ಈಕ್ವೆಡಾರ್ ಮಾತಿಗೆ ತಪ್ಪಿತು ಎಂದು ಬೇಸರಪಟ್ಟವರಲ್ಲಿ ದುಡ್ಡು ಕೊಡದವರೇ ಮುಂದಿದ್ದರು.

ಯೋಜನೆ ಕೈಬಿಟ್ಟು ಹತ್ತು ವರ್ಷ ಕಳೆದು, 2023ರ ಆಗಸ್ಟ್‌ನಲ್ಲಿ, ಆ ದೇಶದ ಜನಕ್ಕೇ ಮತ ಹಾಕಲು ಅವಕಾಶ ಸಿಕ್ಕಿತು. ಯಾರೂ ಒಂದು ಡಾಲರ್ ಕೊಡುತ್ತೇನೆಂದಿರಲಿಲ್ಲ. ಶೇ. 59ರಷ್ಟು ಜನ, ತೈಲ ನೆಲದಲ್ಲೇ ಇರಲಿ ಎಂದರು. ಬಸ್ ಚಾರ್ಜು, ಬೆಲೆಯೇರಿಕೆ, ಪಾತಕಿಗಳ ಗುಂಡು, ಎಲ್ಲದರ ನಡುವೆ ಬದುಕುವವರು ಹಾಕಿದ ಮತ ಅದು. ಕೇಳಿದ್ದ ಅರ್ಧವನ್ನೂ ಬಿಟ್ಟು ಪೂರ್ತಿ ನಷ್ಟವನ್ನು ತಾವೇ ಹೊತ್ತುಕೊಂಡರು. ಈಗ ಹೇಳಿ, ಈ ಲೆಕ್ಕದಲ್ಲಿ ಯಾರು ಯಾರಿಗೆ ವಿದೇಶಿ ನೆರವು ಕೊಟ್ಟರು? ಅಂಕಿಅಂಶದ ಪುಸ್ತಕದಲ್ಲಿ ಈಕ್ವೆಡಾರ್ ಇನ್ನೂ ನೆರವು ಪಡೆಯುವ ದೇಶಗಳ ಪಟ್ಟಿಯಲ್ಲೇ ಇದೆ.

ಇಷ್ಟೆಲ್ಲ ದೂರಿದ ಮೇಲೆ, ನೆರವು ನಿಂತುಹೋದಾಗ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. 2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ವಿದೇಶಿ ನೆರವಿಗೆ 90 ದಿನಗಳ ತಡೆ ಹಾಕಿದರು. ಯುಎಸ್‌ಏಡ್ ಎಂಬ ಅಮೆರಿಕದ ನೆರವು ಸಂಸ್ಥೆ ವರ್ಷಕ್ಕೆ 30 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಜೀವವೈವಿಧ್ಯಕ್ಕೆಂದೇ ಕೊಡುತ್ತಿತ್ತು. ಕಾಂಗೋ ಕಣಿವೆಯ ಕಾಡುಗಳಲ್ಲಿ 1995ರಿಂದ ಅದರ ಕಾರ್ಯಕ್ರಮವಿತ್ತು. ಫೆಬ್ರುವರಿ ಮೊದಲ ವಾರ, ಟ್ರಂಪ್ ಸರ್ಕಾರದಲ್ಲಿ ಖರ್ಚು ಕಡಿತದ ಹೊಣೆ ಹೊತ್ತಿದ್ದ ಎಲಾನ್ ಮಸ್ಕ್, ಆ ಸಂಸ್ಥೆಯನ್ನು ಮರ ಪುಡಿ ಮಾಡುವ ಯಂತ್ರಕ್ಕೆ ತುರುಕುತ್ತ ವಾರಾಂತ್ಯ ಕಳೆದೆವೆಂದು ಹೆಮ್ಮೆಯಿಂದ ಬರೆದುಕೊಂಡರು. ಕಾಡು ಕಾಯುವ ಹಣಕ್ಕೆ ಇದಕ್ಕಿಂತ ಸೂಕ್ತವಾದ ಯಂತ್ರ ಅವರಿಗೆ ಹೊಳೆದಿರಲಾರದು. ಜುಲೈ 1ಕ್ಕೆ ಸಂಸ್ಥೆಯ ಕಥೆ ಅಧಿಕೃತವಾಗಿ ಮುಗಿಯಿತು. ಕಳ್ಳಬೇಟೆಗಾರರಿಗೆ ಮಾತ್ರ ಯಾರೂ 90 ದಿನಗಳ ತಡೆ ಹಾಕಿರಲಿಲ್ಲ. ಇಪ್ಪತ್ತು ವರ್ಷ ಒಂದು ಕಾಡನ್ನು ಕಾದವನ ಸಂಬಳ ಯಾವ ಭೂಖಂಡದ ಯಾವ ಚುನಾವಣೆಯ ಮೇಲೆ ನಿಂತಿದೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಮತ ಹಾಕಿದ ಒಹಾಯೋದ ರೈತನಿಗೂ ಗೊತ್ತಿರುವುದಿಲ್ಲ. ಗೊರಿಲ್ಲಾಕ್ಕಂತೂ ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲ.

ನಮ್ಮ ಹುಲಿಗಳ ಕಥೆ ಇಲ್ಲಿ ಸ್ವಲ್ಪ ಬೇರೆ. ವಿಶ್ವ ವನ್ಯಜೀವಿ ನಿಧಿ ಹತ್ತು ಲಕ್ಷ ಡಾಲರಿನ ಭರವಸೆ ಕೊಟ್ಟು ಹುರಿದುಂಬಿಸಿದ್ದು ನಿಜ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು (ದಿನ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಇಲ್ಲವೋ), ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆದರೆ ಆಮೇಲಿನ ಐವತ್ತು ವರ್ಷ ಬಹುಪಾಲು ದುಡ್ಡು ಸುರಿದದ್ದು ದಿಲ್ಲಿ, ಬೆಂಗಳೂರುಗಳ ಬೊಕ್ಕಸ. ಹೊರಗಿನ ಹಣ ಕಿಡಿ ಹೊತ್ತಿಸಿ ಪಕ್ಕಕ್ಕೆ ಸರಿದದ್ದರಿಂದಲೇ ಒಲೆ ಆರಲಿಲ್ಲ ಎಂದು ನನ್ನ ಅಂದಾಜು. 2022ರ ಗಣತಿಯಲ್ಲಿ ದೇಶದಲ್ಲಿ 3,682 ಹುಲಿ, ಕರ್ನಾಟಕದಲ್ಲಿ 563. ಸಂಖ್ಯೆ ನೋಡಿ ಎದೆಯುಬ್ಬಿಸುವ ಮೊದಲು ಆ ಕಾಡಿನೊಳಗೆ ಇನ್ನೂ ಯಾರಿದ್ದರು ಎಂದು ಕೇಳಬೇಕು.

ಯಾಕೆಂದರೆ ದುಡ್ಡು ದಿಲ್ಲಿಯದಾಗಲಿ ವಾಷಿಂಗ್ಟನ್ನಿನದಾಗಲಿ, ಕಾಡಿನ ಗೇಟಿನ ಒಳಗೆ ಹೋದ ಮೇಲೆ ಅದರ ಲಾಠಿ ಒಂದೇ ಅಳತೆಯದು. ಆಫ್ರಿಕಾ, ಏಷ್ಯಾಗಳಲ್ಲಿ ವಿಶ್ವ ವನ್ಯಜೀವಿ ನಿಧಿಯ ನೆರವು ಪಡೆದ ಗಾರ್ಡುಗಳು ಕಾಡಿನ ಜನರನ್ನು ಹೊಡೆದು ಬಡಿದ ಆರೋಪಗಳು 2019ರಲ್ಲಿ ಸುದ್ದಿ ಜಾಲತಾಣವೊಂದರಲ್ಲಿ ಬಯಲಾದವು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಾಜಿ ಮುಖ್ಯಸ್ಥೆ ನವಿ ಪಿಳ್ಳೈ ನೇತೃತ್ವದ ತಂಡ ತನಿಖೆ ಮಾಡಿ 2020ರಲ್ಲಿ ವರದಿ ಕೊಟ್ಟಿತು: ಸಂಸ್ಥೆಯ ನೌಕರರು ಹೊಡೆಯಲಿಲ್ಲ, ಆದರೆ ಮಾನವ ಹಕ್ಕು ಕಾಯುತ್ತೇವೆಂದು ಕೊಟ್ಟ ಮಾತನ್ನು ಸಂಸ್ಥೆ ಉಳಿಸಿಕೊಳ್ಳಲಿಲ್ಲ. ಆ ನಿಧಿಯ ಪಾಂಡಾ ಗುರುತಿನ ಬನಿಯನ್ ತೊಟ್ಟ ಮಗು ನ್ಯೂಯಾರ್ಕಿನಲ್ಲಿ ಡಬ್ಬಿಗೆ ಹಾಕಿದ ನಾಣ್ಯ ಕಾಂಗೋದಲ್ಲಿ ಬೂಟಾಗಿ ಇಳಿಯುತ್ತದೆ ಎಂದು ಆ ಮಗುವಿಗೆ ಹೇಗೆ ಹೇಳುವುದು?

ನಾಗರಹೊಳೆಗೆ ಜಾಗತಿಕ ಪರಿಸರ ನಿಧಿಯ ದುಡ್ಡು ಬಂದದ್ದು 1996ರಲ್ಲಿ. ಭಾರತ ಪರಿಸರ ಅಭಿವೃದ್ಧಿ ಯೋಜನೆ, ವಿಶ್ವಬ್ಯಾಂಕಿನ ಸಾಲವೂ ಸೇರಿ ಒಟ್ಟು ಸುಮಾರು 6.7 ಕೋಟಿ ಡಾಲರ್, ದೇಶದ ಏಳು ಕಾಡುಗಳಿಗೆ. ತರ್ಕ ಸರಳ: ಕಾಡಿನ ಅಂಚಿನ, ಕಾಡಿನೊಳಗಿನ ಜನರಿಂದ ಪ್ರಾಣಿಗಳಿಗೆ ಒತ್ತಡ; ಜನಕ್ಕೆ ಬೇರೆ ದಾರಿ ತೋರಿಸಿದರೆ ಒತ್ತಡ ಇಳಿಯುತ್ತದೆ. ನಾಗರಹೊಳೆಯೊಳಗೆ ಆಗ ಐವತ್ತಕ್ಕೂ ಹೆಚ್ಚು ಹಾಡಿಗಳಿದ್ದವು. ಜೇನುಕುರುಬರು, ಬೆಟ್ಟಕುರುಬರು, ಯರವರು. ಅವರು ಗೆಡ್ಡೆ ಅಗೆದರೆ ಒತ್ತಡ, ಜೇನು ಇಳಿಸಿದರೆ ಒತ್ತಡ, ಸೌದೆ ಆರಿಸಿದರೆ ಒತ್ತಡ. ಅದೇ ಹೊತ್ತಿಗೆ ಅದೇ ರಾಷ್ಟ್ರೀಯ ಉದ್ಯಾನದ ಒಳಗೆ, ಮೂರ್ಕಲ್ ಎಂಬಲ್ಲಿ, ದೊಡ್ಡ ಹೋಟೆಲ್ ಕಂಪನಿಯೊಂದರ ರೆಸಾರ್ಟು ಏಳುತ್ತಿತ್ತು. ಅದು ಒತ್ತಡವಲ್ಲ, ಪರಿಸರ ಪ್ರವಾಸೋದ್ಯಮ. ಹಾಡಿಯ ಜನ ಬೀದಿಗಿಳಿದರು, ಹೈಕೋರ್ಟಿಗೆ ಹೋದರು. 1997ರ ಜನವರಿಯಲ್ಲಿ ಕೋರ್ಟು ರೆಸಾರ್ಟಿಗೆ ತಡೆ ಹಾಕಿತು. ಆ ವರ್ಷ ನಾಗರಹೊಳೆಯಲ್ಲಿ ಕಾಡಿಗೆ ಸಿಕ್ಕ ನೆರವುಗಳಲ್ಲಿ ಇದು ದೊಡ್ಡದು. ಕೊಟ್ಟವರ ಖಾತೆಯಲ್ಲಿ ಡಾಲರ್ ಇರಲಿಲ್ಲವಾದ್ದರಿಂದ ಯಾವ ವಾರ್ಷಿಕ ವರದಿಯಲ್ಲೂ ಲೆಕ್ಕಕ್ಕೆ ಬರಲಿಲ್ಲ.

ಮರುವರ್ಷ ಅವರು ಇನ್ನೂ ಎತ್ತರದ ಕದ ತಟ್ಟಿದರು. ವಿಶ್ವಬ್ಯಾಂಕಿಗೆ ತನ್ನ ಯೋಜನೆಗಳ ಮೇಲಿನ ದೂರು ಕೇಳಲೆಂದೇ ಒಂದು ತನಿಖಾ ಮಂಡಳಿ ಇದೆ. 1998ರಲ್ಲಿ ನಾಗರಹೊಳೆಯ ಆದಿವಾಸಿಗಳ ಸಂಘಟನೆ ಅಲ್ಲಿಗೆ ದೂರು ಕೊಟ್ಟಿತು: ಯೋಜನೆ ಹಾಕುವಾಗ ನಮ್ಮನ್ನು ಕೇಳಲಿಲ್ಲ, ನಮ್ಮನ್ನು ಕಾಡಿನಿಂದ ಎಬ್ಬಿಸುವ ದಾರಿ ಇದು. ಮಂಡಳಿಯವರು ಬಂದು ನೋಡಿದರು. ಆದಿವಾಸಿಗಳಿಗೆ ಗಂಭೀರ ಹಾನಿಯಾಗುವ ಸಾಧ್ಯತೆ ಇದೆ, ತನಿಖೆ ನಡೆಯಲಿ ಎಂದು ಶಿಫಾರಸು ಮಾಡಿದರು. ವಿಶ್ವಬ್ಯಾಂಕಿನ ನಿರ್ದೇಶಕರು ಶಿಫಾರಸನ್ನು ಗೌರವದಿಂದ ಸ್ವೀಕರಿಸಿ, ತನಿಖೆ ಬೇಡವೆಂದು ತೀರ್ಮಾನಿಸಿದರು. ರಾಜ್ಯ ಸರ್ಕಾರದ ಜೊತೆ ಮಾತಾಡಿಕೊಂಡು ಸರಿಪಡಿಸಿ ಎಂದು ತಮ್ಮ ಅಧಿಕಾರಿಗಳಿಗೇ ಹೇಳಿದರು. ದೂರು ಯಾರ ಮೇಲಿತ್ತೋ ಅವರ ಕೈಗೇ ದೂರು ವಾಪಸು. ಇಷ್ಟು ಪಕ್ಕಾ ಆಡಳಿತವನ್ನು ನಮ್ಮ ತಾಲ್ಲೂಕು ಕಚೇರಿ ಯಾವ ತಾಂತ್ರಿಕ ನೆರವೂ ಇಲ್ಲದೆ ಸ್ವಂತ ಬಲದಿಂದ ಕಲಿತಿದೆ ಎಂಬುದು ನಮಗೆ ಹೆಮ್ಮೆ.

ಯೋಜನೆ 2004ರಲ್ಲಿ ಮುಗಿಯಿತು. ಅದರಡಿ ಕಟ್ಟಿದ ಸಮಿತಿಗಳು ಕಾಗದದಲ್ಲಿ ಉಳಿದವು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು, ಅರ್ಜಿಗಳು ಹೋದವು, ಅರ್ಜಿಗಳು ಕೂತವು. ಅಷ್ಟರಲ್ಲಿ ಕಬಿನಿ ದಂಡೆಯ ರೆಸಾರ್ಟುಗಳಲ್ಲಿ ಒಂದು ರಾತ್ರಿಯ ಬಾಡಿಗೆ ಹಾಡಿಯ ಕೂಲಿಯ ತಿಂಗಳ ಸಂಪಾದನೆ ದಾಟಿತು. ಕರಿಚಿರತೆ ಕಾಣಲೆಂದು ಬೆಂಗಳೂರಿನಿಂದ ಬರುವ ಕಾರುಗಳು ಪರಿಸರಕ್ಕೆ ಒತ್ತಡವಲ್ಲ ಎಂಬುದು ಮತ್ತೆ ಸಾಬೀತಾಯಿತು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು, ದಶಕಗಳ ಹಿಂದೆ ತಮ್ಮವರನ್ನು ಎಬ್ಬಿಸಿದ್ದ ಜಾಗಕ್ಕೆ ತಾವೇ ನಡೆದುಕೊಂಡು ವಾಪಸು ಬಂದವು. ಕೈಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಇರಲಿಲ್ಲ, ಕನ್ಸಲ್ಟಂಟ್ ಇರಲಿಲ್ಲ, ಸಹ ಪ್ರಾಯೋಜಕರ ಬ್ಯಾನರ್ ಇರಲಿಲ್ಲ. ತಮ್ಮ ದೇವರ ನೆಲೆ ಇಲ್ಲಿದೆ, ಅಜ್ಜಿ ತಾತಂದಿರ ಸಮಾಧಿ ಇಲ್ಲಿದೆ ಎಂದು ಹೇಳಿ ಗುಡಿಸಲಿಗೆ ಗೂಟ ನೆಟ್ಟರು. ಗೂಟದ ಮಣ್ಣು ಆರುವ ಮೊದಲೇ ಅರಣ್ಯ ಇಲಾಖೆಯವರು, ಪೊಲೀಸರು, ಹುಲಿ ಸಂರಕ್ಷಣಾ ಪಡೆಯವರು ಸಾಲಾಗಿ ಬಂದು ನಿಂತರು. ಸರ್ಕಾರದ ಕಡೆಯಿಂದ ಆ ಹಾಡಿಗೆ ಇಷ್ಟು ಬೇಗ ಏನಾದರೂ ತಲುಪಿದ್ದು ಅದೇ ಮೊದಲು.